ಬೇಸ್ ಗಿಟಾರಿಗೆ ಕಡ್ಲೇಕಾಯಿ ಎಣ್ಣೆ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಎಣ್ಣೆ ಮಿಲ್ಲಿನ ಏಕಾಂತಪ್ಪನವರ ಕಿವಿ, ಪಕ್ಕದ ಬೆಂಚಿನ ಆರ್ಕೆಸ್ಟ್ರಾದವರ ಮಾತಿಗೆ ನಿಮಿರಿತು. ಬೇಸ್ ಗಿಟಾರಿನ ರಾಮಾಂಜನೇಯ ಡ್ರಮ್ ಬಾರಿಸುವ ಜುಂಜಣ್ಣನಿಗೆ ಗೋಳು ಹೇಳಿಕೊಳ್ಳುತ್ತಿದ್ದ.

"ಸೌಂಡೇ ಏಳಲ್ಲ ಅಂತ ಕಾಲಲ್ಲಿ ಒತ್ತಿ ಸೌಂಡ್ ಏರ್ಸೋ ಹೊಸ ಪೆಡಲ್ ತಗಂಡೆ ಕಣಲೇ. ತಂತಿ ಎತ್ತರಾನೂ ಇಳಿಸ್ದೆ. ಆದ್ರೂ ಒದ್ದೆ ಗೋಣಿಚೀಲ ಬಡ್ದಂಗೈತೆ."

"ತಂತಿಗೇನ್ ಮಾಡಿದ್ದೆ?"

"ತುಕ್ಕು ಹಿಡೀಬಾರ್ದು ಅಂತ ದಿನಾ ಕಡ್ಲೇಕಾಯಿ ಎಣ್ಣೆ ಹಚ್ತಿದ್ದೆ."

"ಗಿಟಾರೇನಲೇ ಅದು, ಒಗ್ಗರಣೆನಾ?"

ಯಾವ ಮಿಲ್ಲಿನ ಎಣ್ಣೆ ಎಂದು ಕೇಳಲು ಏಕಾಂತಪ್ಪನವರಿಗೆ ಬಾಯಿ ತುರಿಸಿತು.

"ಜಿಡ್ಡು ಹೋಗ್ಲಿ ಅಂತ ನಿನ್ನೆ ತಂತಿ ಬಿಚ್ಚಿ ಬಿಸಿನೀರಲ್ಲಿ ಕುದಿಯಾಕಿಟ್ಟೆ. ಅವ್ವ ಕನ್ನಡಕ ಹಾಕಿರ್ಲಿಲ್ಲ. ಶಾವಿಗೆ ಅನ್ಕಂಡು ಬೆಲ್ಲ ಹಾಕಿಬಿಟ್ಲು."

"ಈಗ ಹೆಂಗೈತೆ?"

"ಗಿಟಾರಿಗೆಲ್ಲ ಇರುವೆ ಮುತ್ಕಂಡವೆ."

"ಇವತ್ತು ಬಿ.ಜಿ. ಕೆರೆ ಮದ್ವೇಲಿ ಸರಿಹೋಗ್ಲಿಲ್ಲ ಅಂದ್ರೆ, ನಿನ್ನ ಬಿಟ್ಟು ಕೀಬೋರ್ಡಲ್ಲೇ ಬೇಸ್ ಬಾರಿಸ್ತಾರಂತೆ."

"ಬಾರಿಸ್ಲಿ ಬಿಡು. ಮೂರು ವರ್ಷದಿಂದ ನುಡಿಸ್ತಿದೀನಿ, ಒಬ್ರೂ ಹತ್ರ ಬಂದು ಕೇಳಿಲ್ಲ. ಇವತ್ತು ಇರುವೆನಾದ್ರೂ ಬಂದವಲ್ಲ!"

ಬಿ.ಜಿ. ಕೆರೆ ಮೇಲೆ ಹೋಗುವ ಮೊಳಕಾಲ್ಮೂರು ಬಸ್ಸು ಬಂತು. ರಾಮಾಂಜನೇಯ ಗಿಟಾರ್ ಚೀಲ ಎತ್ತಿಕೊಂಡ, ಇರುವೆ ಕೊಡವಲಿಲ್ಲ.