ಹಾಡಿನ ಎಡೆ

“ಹಲೋ... ಹಲೋ, ಯಾರು ಮಾತಾಡೋದು?... ಗಟ್ಟಿಯಾಗಿ ಹೇಳಿ, ಕಾರಲ್ಲಿ ಹಾಡು ಹಾಕಿದೀವಿ... ಹಾಂ, ಮರಿಯಣ್ಣ ಭಾವನಾ! ನಾನೇ ಭಾವ, ದೇವೀರಮ್ಮ.”

ಕಾರು ಓಡಿಸುತ್ತಿದ್ದ ಮಗಳು ಮೇಘಶ್ರೀಗೆ ‘ನಿನ್ನ ದೊಡ್ಡಪ್ಪ’ ಎಂದು ದೇವೀರಮ್ಮ ಕಣ್ಣಲ್ಲೇ ತಿಳಿಸಿದಳು. ಹಾಡನ್ನು ಮಾತ್ರ ನಿಲ್ಲಿಸಲಿಲ್ಲ.

“ಹಳೇಬೀಡು ದಾಟಿದ್ವಿ... ಬತ್ತಾ ಇದೀವಿ, ಬೇಲೂರು ಆದ್ರೆ ಬಿಕ್ಕೋಡು ಎಷ್ಟೊತ್ತು?... ಏನು, ಮಧುಕುಮಾರ್ ಫೋನ್ ಮಾಡಿದ್ನಾ? ಟೀ ಅಂಗಡೀಲಿ ಕೂತು ನಿಮ್ಮ ಅಳಿಯ ಮಾಡೋ ಕೆಲಸ ಇದೇನಾ?... ಹೌದು, ಕಾರಿನ ಕಿಟಕಿ ತೆಗೆದೇ ಇತ್ತು. ಹೌದು, ಹಾಡು ಜೋರಾಗೇ ಇತ್ತು.”

“ಇವತ್ತು ವರ್ಷದ ತಿಥಿ ಅಂತ ಗೊತ್ತು ಭಾವ. ಸತ್ತೋರು ನನ್ನ ಗಂಡ, ನಂಗೆ ನೆನಪಿರಲ್ವಾ?... ಹೂಂ, ಹೇಳಿ... ಹೇಳಿ, ಕೇಳಿಸ್ಕೊಂತಾ ಇದೀನಿ.”

“ಅಯ್ಯೋ, ಚರ್ಚಿನ ಹಾಡಲ್ಲ... ಕುಡುಕರದ್ದೂ ಅಲ್ಲ. ಮೇಘ ಹೇಳ್ತಾಳೆ, ಕಂಟ್ರಿ ರಾಕ್ ಅಂತೆ. ಫಾರಿನ್ನೋರ ಹಳ್ಳಿಗಾಡಿನ ಹಾಡಿಗೆ ಗಿಟಾರು, ಡ್ರಮ್ಮು ಸೇರ್ಸಿರೋದು... ಅರ್ಥನಾ? ನಂಗೂ ಆಗಲ್ಲ. ನಮ್ಮನೆಯೋರಿಗೂ ಆಗ್ತಿರ್ಲಿಲ್ಲ. ಆದ್ರೂ ಬಿಟ್ರಾ?”

ಬಿಟ್ಟಿರಲಿಲ್ಲ. ಅವಳ ಗಂಡ ಭೀಮರಾಜ್ ಅರಸೀಕೆರೆಯಲ್ಲಿ ರೈಲಿಳಿದವರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುವ ಟ್ಯಾಕ್ಸಿ ಓಡಿಸಿಯೇ ಬಾಳು ಕಳೆದವನು. ಯಾವನೋ ಪ್ರವಾಸಿ ಕೊಟ್ಟುಹೋದ ಒಂದು ಕ್ಯಾಸೆಟ್ಟನ್ನು ಅದರ ಟೇಪು ಸವೆಯುವತನಕ ಕೇಳಿದ್ದ. ಆ ಹಾಡುಗಳನ್ನೆಲ್ಲ ಮೇಘಶ್ರೀ ಹುಡುಕಿ ತೆಗೆದು, ಇವತ್ತು ಅಪ್ಪನ ದಾರಿಯಲ್ಲೇ ಹಾಕಿಕೊಂಡು ಹೊರಟಿದ್ದಳು.

“ಶಾಸ್ತ್ರ ಅಂದ್ರಿ, ಸರಿ. ಸತ್ತೋರಿಗೆ ಇಷ್ಟವಾದ್ದನ್ನ ಸಮಾಧಿಗೆ ಎಡೆ ಇಡೋದು ಶಾಸ್ತ್ರ, ಅಲ್ವಾ?... ಅಲ್ವಾ?... ಮತ್ತೆ ಹನ್ನೊಂದನೇ ದಿನ ನೀವೇನಿಟ್ರಿ? ಬ್ರಾಂದಿ, ಬೀಡಿ ಕಟ್ಟು. ಸ್ಟೇರಿಂಗ್ ಹಿಡಿಯೋ ಕೈ ಅಂತ ಮದುವೆ ಮನೇಲೂ ಮುಟ್ಟದೋರಿಗೆ ಬ್ರಾಂದಿ!... ಎಲ್ರಿಗೂ ಇಡ್ತಾರೆ ಅಂತ ಇಟ್ರಾ? ಅದಕ್ಕೇ ಸಂಜೆವರ್ಗೂ ಕಾಗೆ ಹತ್ರ ಸುಳೀಲಿಲ್ಲ. ನೀವು ಕಾಗೇನ ಬೈಕೊಂಡು ಕೂತಿದ್ರಿ.”

“ನಗ್ತಿಲ್ಲ ಭಾವ... ಅವತ್ತು ಬಾಯಿ ಮುಚ್ಕೊಂಡಿದ್ದೆ. ಅವತ್ತಿಂದು ನಿಮ್ಮ ಎಡೆ. ಇವತ್ತಿಂದು ನಂದು.”

“ಜನ ಏನಂತಾರೆ?... ಏನಾದ್ರೂ ಅನ್ಲಿ, ಅವ್ರಿಗೂ ಒಂದಿನ ಕಳೀಬೇಕಲ್ಲ... ಏನು? ಇನ್ನೊಂದ್ಸಲ ಹೇಳಿ... ಹಾಡು ಹಾಕ್ಕೊಂಡು ಬಂದ್ರೆ ತೋಟದ ಗೇಟಿಗೆ ಬೀಗ ಹಾಕ್ತೀರಾ? ಸಮಾಧಿ ಹತ್ರ ನನ್ನ ಬಿಡಲ್ವಾ?”

ಮೇಘಶ್ರೀಯ ಕೈ ಸದ್ದು ತಗ್ಗಿಸಲು ಮುಂದೆ ಬಂತು. ದೇವೀರಮ್ಮ ಅದನ್ನು ಮೆಲ್ಲಗೆ ಹಿಡಿದು ಸ್ಟೇರಿಂಗಿನ ಮೇಲೆ ಇಟ್ಟಳು.

“ಜಗಳಕ್ಕೆ ಬತ್ತಿಲ್ಲ ಭಾವ. ಕೋಳಿ ಸಾರು ನೀವು ಮಾಡ್ಸಿ, ಮುದ್ದೆ ನಾನು ತಿರುವ್ತೀನಿ. ಹಾಡು ಮಾತ್ರ ನಿಲ್ಸಲ್ಲ... ಕೊನೇದನ್ನ ಊರ ತಿರುವಿಗೇ ಅಂತ ಇಟ್ಕೊಂಡೀವಿ. ಶಿಳ್ಳೆ ಬರುತ್ತಲ್ಲ, ಅದು... ಹೂಂ, ಅದೇ. ಊರಿಗೆ ಬಂದಾಗೆಲ್ಲ ಅವ್ರು ಅದೇ ಶಿಳ್ಳೆ ಹಾಕ್ಕೊಂಡು ಬರೋರು. ‘ನನ್ ತಮ್ಮ ಬಂದ’ ಅಂತ ನೀವು ಊಟದ ಕೈಯಲ್ಲೇ ಎದ್ದು ಗೇಟು ತೆಗೆಯೋಕೆ ಓಡೋರು.”

“ಹಾಂ?... ಆದ್ರೂ ಬೀಗ ಹಾಕೇ ಹಾಕ್ತೀರಾ? ಹಾಕಿ. ಒಂದಲ್ಲ, ಎರಡು ಬೀಗ ಹಾಕಿ. ಬೇಲಿ ಪಕ್ಕ ಗಾಡಿ ನಿಲ್ಸಿ ನಾಕೂ ಬಾಗಿಲು ತೆಗಿತೀವಿ. ಹಾಡೇನು ಗೇಟಲ್ಲೇ ಬರ್ಬೇಕಾ? ಬೀಗದ ಕೈ ಮಾತ್ರ ದೂರ ಎಲ್ಲಾದ್ರೂ ಇಟ್ಟುಬಿಡಿ ಭಾವ. ಜೇಬಲ್ಲಿ ಇಟ್ಕೊಂಡಿದ್ರೆ, ಆ ಶಿಳ್ಳೆ ಕೇಳ್ತಿದ್ದಂಗೇ ನಿಮ್ಮ ಕೈ... ಹಲೋ? ಭಾವ... ಹಲೋ...”