ಹಸಿದ ಬೆಂಕಿಯ ಕೋಣೆ

ಏಳ್ಬೇಡ, ಏಳ್ಬೇಡ ಅಂತ ಹೇಳ್ತಾನೇ ಇದ್ದೀನಿ, ಮತ್ತೆ ಏಳ್ತೀಯಲ್ಲ! ಮಲ್ಕೋ. ಮಾವ ಬಂದ್ರು ಅಂತ ಎದ್ದು ನಿಲ್ಲೋ ಕಾಲ ಮುಗೀತು ಕಣಯ್ಯಾ. ಹಾಂ, ಹಾಗೆ. ದಿಂಬು ಸರಿ ಮಾಡ್ಲಾ? ಬೇಡ್ವಾ? ಬೇಡ ಅಂದ್ರೆ ಬಿಡು. ಮುಟ್ಟಿದ್ರೆ ಎಲ್ಲಿ ಏನು ಕಿತ್ತು ಬರುತ್ತೋ, ನನಗ್ಯಾಕೆ ಆ ಪಾಪ.

ಇರು, ಬಾಗ್ಲು ಹಾಕ್ಬಿಡ್ತೀನಿ. ಗೋಡೆಗೆ ಕಿವಿ ಇರುತ್ತೆ ಅಂತಾರೆ, ಆಸ್ಪತ್ರೆ ಗೋಡೆಗೆ ಬಾಯೂ ಇರುತ್ತೆ. ...ಈ ಕುರ್ಚಿದು ಒಂದು ಕಾಲು ಗಿಡ್ಡ, ನೋಡಿದ್ಯಾ? ನೋಡೋಕೆ ಬಂದೋರು ಬೇಗ ಎದ್ದು ಹೋಗ್ಲಿ ಅಂತಾನೇ ಇಟ್ಟಿರ್ಬೇಕು.

ನನ್ನ ಮಗಳು ನೋಡು, ನಾನು ಒಳಗೆ ಬಂದ ತಕ್ಷಣ ಎದ್ದು ಹೊರಗೆ ಹೋದ್ಲು. ಅಪ್ಪಾ ಅನ್ಲಿಲ್ಲ. ಕಿತ್ತಳೆ ಹಣ್ಣಿನ ಚೀಲ ಕೈಗೆ ಕೊಡೋಕೆ ಹೋದ್ರೆ ಮೇಜಿನ ಕಡೆ ಕಣ್ಣು ತೋರಿಸಿದ್ಲು. ನಿದ್ದೆಗೆಟ್ಟಿದ್ದಾಳೆ ಪಾಪ, ನಿನ್ನ ದೆಸೆಯಿಂದ. ಅಳಿಯನ್ನ ಹುಡುಕೋಕೆ ನಾನು ಊರೂರು ಅಲೀಲಿಲ್ಲ. ನನ್ನ ಪ್ರಯೋಗಶಾಲೇಲೇ, ನನ್ನ ಕೈಕೆಳಗೇ ಬೆಂಕಿ ಮೇಲೆ ಸಂಶೋಧನೆ ಮಾಡ್ತಿದ್ದೋನನ್ನ ಹಿಡಿದು ಕೊಟ್ಟೆ. ಮೊದ್ಲು ಶಿಷ್ಯ, ಆಮೇಲೆ ಅಳಿಯ. ಅದಕ್ಕೇ ಇನ್ನೂ ಏಕವಚನ. ಬೇಜಾರ್ ಮಾಡ್ಕೋಬೇಡ.

ಸರಿ, ಕೆಲಸಕ್ಕೆ ಬರೋಣ. ವಿಚಾರಣೆಯೋರು ಊಟ ಮುಗಿಸ್ಕೊಂಡು ನೇರ ಇಲ್ಲಿಗೇ ಬರ್ತಾರೆ. ಬಿಸಿ ಹೊಗೆ ಒಳಗೆ ಹೋಗಿ ಗಂಟಲು ಬೆಂದಿದೆ, ಸದ್ಯಕ್ಕೆ ಮಾತಿಲ್ಲ ಅಂತ ಡಾಕ್ಟರು ಅವತ್ತೇ ಹೇಳಿದ್ರಲ್ಲ, ಅದನ್ನ ಅವರಿಗೂ ಮುಟ್ಟಿಸಿದ್ದೀನಿ. ಅವರು ಕೇಳ್ತಾರೆ. ಹೌದು ಅಂತಾದ್ರೆ ನೀನು ಬೆರಳೆತ್ತೋದು, ಅಲ್ಲ ಅಂತಾದ್ರೆ ಸುಮ್ನಿರೋದು. ಎಡಗೈ ಬೆರಳು ಉಳಿದಿವೆ ತಾನೆ? ಸಾಕು! ಬೆಂಕಿಗೂ ದಯೆ ಇದೆ ನೋಡು, ಹೌದು ಅನ್ನೋಕೆ ಬೇಕಾದಷ್ಟು ಬಿಟ್ಟು ಹೋಗಿದೆ.

ಒಂದ್ಸಲ ತಾಲೀಮು ಮಾಡ್ಬಿಡೋಣ. ನಾನೇ ವಿಚಾರಣೆಯೋನು ಅನ್ಕೋ. 'ಪ್ರಯೋಗದ ಕೋಣೆ ಬಾಗ್ಲು ತೆಗೆದಿದ್ದು ನೀವೇನಾ?' ಎತ್ತು. ಎತ್ತಪ್ಪ... ಹಾಂ, ಶಭಾಷ್! 'ತೆಗಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?' ...ಅಯ್ಯಯ್ಯೋ, ಇಳಿಸು, ಇಳಿಸು! ಇದಕ್ಕೆ ಎತ್ತೋದಲ್ಲ!

ಯಾಕೆ ನಗ್ತೀಯ? ನಗ್ತಿಲ್ವಾ? ಇಡೀ ಮುಖಕ್ಕೆ ಬಟ್ಟೆ ಸುತ್ತಿ ಎರಡು ಕಣ್ಣು ಮಾತ್ರ ಬಿಟ್ಟಿದ್ದಾರೆ, ಅದರಲ್ಲೂ ನಗು ಇಟ್ಕೊಂಡಿದ್ದೀಯಲ್ಲ, ಗಟ್ಟಿಗ ನೀನು.

ಕೇಳು. ಅವತ್ತು ನಡೆದಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಹೊರಗಿನೋರಿಗೆ ಅದನ್ನ ಹೇಗೆ ಹೇಳ್ಬೇಕು ಅನ್ನೋದೇ ಬೇರೆ. ಆ ಹಲಗೆ ನನ್ನ ಇಡೀ ಬದುಕು ಕಣಯ್ಯಾ. ಗೋಡೆಗೆ ಹೊಡೆದ್ರೆ ಸಾಕು, ಕಾವು ತಗುಲಿದ ಕೂಡ್ಲೇ ತನ್ನೊಳಗಿನ ನೀರು ಬಿಟ್ಟು ಬೆಂಕಿನ ತಾನೇ ಆರಿಸೋ ಹಲಗೆ! ಅದನ್ನ ನೋಡೋಕೆ ಅಂತ ಅಷ್ಟು ದೂರದಿಂದ ಅತಿಥಿಗಳು ಬಂದಿದ್ರು. ಕೋಣೆ ಗೋಡೆಗೆಲ್ಲ ಹಲಗೆ ಹೊಡೆಸಿ, ಒಳಗೆ ಮಂಚ, ಹಾಸಿಗೆ, ಕರ್ಟನ್ನು ಎಲ್ಲ ಇಟ್ಟು ಬೆಂಕಿ ಹಚ್ಚಿದ್ವಿ. ಬಾಗ್ಲು ಮುಚ್ಚಿದ್ವಿ. ಗಾಜಿನಾಚೆ ಜ್ವಾಲೆ ಎದ್ದಿತು, ಕುಣೀತು, ಕುಗ್ಗಿತು... ಆರಿತು! ಎಂಥಾ ಚಪ್ಪಾಳೆ! ನೀನೂ ತಟ್ಟಿದೆ. ಇನ್ಮೇಲೆ ತಟ್ಟೋದು... ಹೋಗ್ಲಿ ಬಿಡು.

ಆರಿರ್ಲಿಲ್ಲ. ಹೌದಪ್ಪಾ, ಆರಿರ್ಲಿಲ್ಲ, ಹಾಗೆ ದುರುಗುಟ್ಕೊಂಡು ನೋಡ್ಬೇಡ. ಒಳಗಿದ್ದ ಗಾಳಿ ಮುಗಿದಿತ್ತು ಅಷ್ಟೆ. ಮೊದಲ ಪಾಠದಲ್ಲೇ ಹೇಳ್ಕೊಡ್ತೀನಲ್ಲ ನಾನು! ಮುಚ್ಚಿದ ಕೋಣೇಲಿ ಜ್ವಾಲೆ ಕಾಣಿಸ್ಲಿಲ್ಲ ಅಂದ್ರೆ ಬೆಂಕಿ ಸತ್ತಿದೆ ಅಂತಲ್ಲ, ಹಸಿದು ಕೂತಿದೆ ಅಂತ. ಸೂರಿನ ಕೆಳಗೆ ಕಾದ ಹೊಗೆ ತುಂಬ್ಕೊಂಡಿರುತ್ತೆ. ಬಾಗ್ಲು ತೆಗೆದೋನೇ ಅದಕ್ಕೆ ಗಾಳಿ ಬಡಿಸೋನು. ಮೊದಲ ತುತ್ತೂ ಅವನೇ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಅದರ ದೊಡ್ಡಣ್ಣ ಇದು. ಪರೀಕ್ಷೇಲಿ ಎಷ್ಟು ಚೆನ್ನಾಗಿ ಬರೆದಿದ್ದೆ ನೀನು! ಬರೆದೋನೇ ಹೋಗಿ ತೆಗೆದೆ. ನಿನಗೆ ಪಾಠ ಹೇಳಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಏನು? ಕೈ ಯಾಕೆ ತಿರುಗಿಸ್ತಿದ್ದೀಯ? ಕೈ ಹಿಂಬದಿ... ಓ. ಅದಾ.

ಆ ವಿಷಯ ಎತ್ಬೇಡ. ಪ್ರತಿ ಸಲ ಬಾಗ್ಲು ತೆಗೆಯೋ ಮುಂಚೆ ನೀನು ಗ್ಲೌಸ್ ಬಿಚ್ಚಿ, ಕೈ ಹಿಂಬದಿನ ಬಾಗ್ಲಿಗೆ ಇಟ್ಟು ನೋಡ್ತಿದ್ದೆ, ಜ್ವರ ಬಂದ ಮಗು ಹಣೆ ಮುಟ್ಟಿ ನೋಡೋ ಹಾಗೆ. ಅಂಗೈ ಯಾಕಲ್ವೋ ಅಂದ್ರೆ, ಅಂಗೈ ಸುಟ್ರೆ ಆಮೇಲೆ ಹಿಡಿಕೆ ಹಿಡಿಯೋದು ಹೇಗೆ ಸಾರ್ ಅಂತಿದ್ದೆ. ನಾನೇ ಕಲಿಸಿದ್ದಾ? ಹೌದು, ನಾನೇ ಕಲಿಸಿದ್ದು, ಯಾವ ಕಾಲದಲ್ಲಿ! ಈಗ ಕೋಣೆ ತುಂಬ ಕಾವು ಅಳೆಯೋ ತಂತಿ ಎಳೆದಿದ್ದೀವಿ, ಸ್ಕ್ರೀನ್ ಮೇಲೆ ಅಂಕಿ ಬರುತ್ತೆ. ಅಂಥಾ ದೊಡ್ಡೋರ ಮುಂದೆ ನೀನು ಬಾಗ್ಲು ಸವರ್ಕೊಂಡು ನಿಂತ್ರೆ ನನ್ನ ಮಾನ ಏನಾಗ್ಬೇಕು? ಅದಕ್ಕೇ ಗ್ಲೌಸ್ ಬಿಚ್ಬೇಡ ಅಂದೆ. ಬಿಚ್ಚದೇ ಇದ್ದಿದ್ದಕ್ಕೇ ಎಡಗೈಯಾದ್ರೂ ಉಳೀತು. ಉಪಕಾರ ಸ್ಮರಣೆ ಇರ್ಲಿ ಸ್ವಲ್ಪ.

ಬಿಚ್ಚಿದ್ರೆ ಬಿಸಿ ಗೊತ್ತಾಗ್ತಿತ್ತು, ತೆಗೀತಾನೇ ಇರ್ಲಿಲ್ಲ ಅಂತೀಯಾ? ಅನ್ನು, ಅನ್ನು. ಸ್ಕ್ರೀನ್ ಮೇಲೆ ಎಲ್ಲಾ ತಣ್ಣಗಿತ್ತಲ್ಲಯ್ಯಾ! ಒಂದೊಂದೇ ಅಂಕಿ ಇಳೀತಾ ಬಂತು, ನೀನೂ ನೋಡ್ದೆ. ಅದನ್ನ ನೋಡೇ ಅಲ್ವಾ ನಾನು ತೆಗಿ ಅಂ...

ಸರಿ. ಅಂದೆ. ಅಂದೆ ಅಂತಾನೇ ಇಟ್ಕೋ. ಇಲ್ಲಿರೋದು ನಾವಿಬ್ರೇ. ಸ್ಕ್ರೀನ್ ಮುಂದೆ ಇರೋನು ತೆಗಿ ಅನ್ನೋವರೆಗೂ ಬಾಗ್ಲ ಹತ್ರ ಇರೋನು ಹಿಡಿಕೆ ಮುಟ್ಟೋ ಹಾಗಿಲ್ಲ, ಅದು ನಮ್ಮ ಪದ್ಧತಿ, ವಿಚಾರಣೆಯೋರಿಗೂ ಗೊತ್ತು. ಆದ್ರೆ ನಾನು ಅಂದಿದ್ದು ನಿನ್ನ ಕಿವೀಲಿದ್ದ ಇಯರ್‌ಫೋನಿಗೆ ಮಾತ್ರ. ಅತಿಥಿಗಳ ಕಡೆ ಬೆನ್ನು ಹಾಕಿದ್ದೆ, ಮೆಲ್ಲಗೆ ಅಂದೆ. ಆ ಇಯರ್‌ಫೋನೂ ಕರಗಿ ಹೋಯ್ತು, ಕಿವೀನೂ... ಹೂಂ. ಅಂದ್ಮೇಲೆ ಅದನ್ನ ಕೇಳಿದೋನು ನೀನೊಬ್ನೇ. ನೀನು ಬೆರಳೆತ್ತಿದ್ರೆ ನಾನಂದೆ, ಎತ್ತದೇ ಇದ್ರೆ ನಾನು ಅಂದೇ ಇಲ್ಲ. ಹುಡುಗ ಅವಸರ ಪಟ್ಟ, ದೊಡ್ಡೋರ ಮುಂದೆ ಮಿಂಚೋಕೆ ಹೋಗಿ ಕೈ ಸುಟ್ಕೊಂಡ. ಯಾರು ನಂಬಲ್ಲ ಹೇಳು? ಇಂಥಾ ಸ್ಥಿತೀಲಿರೋನಿಗೆ ಯಾರು ಶಿಕ್ಷೆ ಕೊಡ್ತಾರೆ ಹೇಳು? ಕೊಡೋಕೆ ಇನ್ನೇನು ಬಾಕಿ ಇದೆ?

ಉರಿಯೋ ಮನೇಲಿ ಗಳ ಹಿರಿಯೋನು ಅಂತ ಮನಸ್ಸಲ್ಲೇ ಬೈತಿದ್ದೀಯ ನನ್ನ. ಬೈಯಿ. ಕಾವು ಯಾವಾಗ್ಲೂ ಬಿಸಿ ಕಡೆಯಿಂದ ತಣ್ಣನೆ ಕಡೆಗೇ ಹರಿಯೋದು, ತಿರುಗಿ ಹರಿದಿದ್ದನ್ನ ಯಾರೂ ಕಂಡಿಲ್ಲ. ತಪ್ಪೂ ಹಾಗೇ, ದೊಡ್ಡೋರಿಂದ ಚಿಕ್ಕೋರ ಕಡೆಗೆ. ನಾನು ಮಾಡಿದ ನಿಯಮ ಅಲ್ಲಪ್ಪ.

ಪ್ರಯೋಗಶಾಲೆ ಹೋದ್ರೆ ಹೋಗ್ಲಿ, ಹಲಗೆ ಕಸಕ್ಕೆ ಹೋಗ್ಲಿ ಅನ್ನು. ನನ್ನ ಮಗಳು? ಅವಳಮ್ಮ ಹೋದ್ಮೇಲೆ ನನಗೆ ಅಂತ ಇರೋದು ಅವಳೊಬ್ಳೇ. ಗಂಡ ತಪ್ಪು ಮಾಡಿದ್ರೆ ಹೆಂಡತಿ ಹೊಟ್ಟೆಗೆ ಹಾಕ್ಕೋತಾಳೆ. ಅಪ್ಪ ಮಾಡಿದ್ರೆ ಮಗಳು ಹಾಕ್ಕೊಳ್ಳಲ್ಲ, ಜನ್ಮದಲ್ಲಿ ಹಾಕ್ಕೊಳ್ಳಲ್ಲ. ಅವಳಿಗೆ ಗೊತ್ತಾದ್ರೆ ಸತ್ತಾಗ್ಲೂ ನನ್ನ ಮುಖ ನೋಡೋಕೆ ಬರಲ್ಲ. ನಿನಗೇನು ಕಷ್ಟ? ಈ ಮುಖ ನೋಡಿ ನೋಡಿ ಅವಳಿಗೆ ದಿನಾ ಕನಿಕರ ಹುಟ್ಟುತ್ತೆ. ಕನಿಕರ ಗಟ್ಟಿ ಸಾಮಾನು ಕಣಯ್ಯಾ, ಪ್ರೀತಿಗಿಂತ ಬಾಳಿಕೆ ಬರುತ್ತೆ.

ಏನೋ ಅದು, ಸೂರು ನೋಡ್ತೀಯ? ಮೇಲೇನಿದೆ? ನಾನಿಲ್ಲಿ ಮಾತಾಡ್ತಿದ್ರೆ ಸೂರಲ್ಲೇನು ನೋಟ?

...ಮೇಲಿನ ತಂತಿನಾ? ಅದನ್ನ ನಿನಗೆ ಯಾರು ಹೇಳಿದ್ರು? ಅದು ಯಾರಿಗೂ... ಇಲ್ಲ. ನೀನು ಸುಮ್ನೆ ಫ್ಯಾನ್ ನೋಡ್ತಿದ್ದೆ. ಅಲ್ವಾ? ಫ್ಯಾನೇ ತಾನೆ? ನಾನೇ ಬಾಯಿ ಬಿಟ್ನಾ...

ಕೇಳು, ಅದೇನೂ ದೊಡ್ಡ ವಿಷಯ ಅಲ್ಲ. ಸೂರಿಗೆ ಕಟ್ಟಿದ್ದ ತಂತಿ ಅಂಕಿನ ಸ್ಕ್ರೀನ್ ಮೇಲೆ ಬರದ ಹಾಗೆ ನಾನೇ ಮರೆ ಮಾಡಿದ್ದೆ, ಅಷ್ಟೆ. ಅಲ್ಲಿ ಯಾವಾಗ್ಲೂ ಜಾಸ್ತಿನೇ ತೋರಿಸುತ್ತೆ, ಅತಿಥಿಗಳು ನೂರೆಂಟು ಪ್ರಶ್ನೆ ಕೇಳ್ತಾರೆ, ಯಾಕೆ ಬೇಕು? ಕೆಳಗಿನ ಅಂಕಿ ತಣ್ಣಗಿದ್ರೆ ಸಾಲ್ದಾ? ನನಗೆ ಅನುಮಾನ ಇದ್ದಿದ್ರೆ ನನ್ನ ಮಗಳ ಗಂಡನ್ನೇ ಕಳಿಸ್ತಿದ್ನಾ?

ಅತಿಥಿಗಳನ್ನ ದೂರದ ದಪ್ಪ ಗಾಜಿನ ಹಿಂದಕ್ಕೆ ಕರೆದಿದ್ದು ಬರೀ ಮರ್ಯಾದೆಗೆ! ಬಾಗ್ಲು ತೆಗೆದ್ರೆ ಹೊಗೆ ವಾಸನೆ ಬರುತ್ತೆ, ಅವರ ಬಟ್ಟೆಗೆಲ್ಲ ಹಿಡಿಯುತ್ತೆ ಅಂತ. ಅವರ ಜೊತೆ ನಾನೂ ಸರಿದೆ. ಒಬ್ಬನೇ ನಿಂತ್ರೆ ಚೆನ್ನಾಗಿರಲ್ಲ ಅಂತ... ನೀನು ನೋಡ್ದೆ ಅಲ್ವಾ? ನಾವೆಲ್ಲ ಹಿಂದೆ ಸರಿಯೋದನ್ನ ನೋಡ್ದೆ. ನೋಡಿನೂ ನಾನಂದ ತಕ್ಷಣ ತೆಗೆದೆ. ಯಾಕಯ್ಯಾ? ಅಷ್ಟು ನಂಬಿಕೆನಾ?

ರೆಪ್ಪೆಯಾದ್ರೂ ಬಡಿ ಮಾರಾಯ!

ಹೌದು, ಸರಿದ್ಮೇಲೇ ಅಂದೆ. ಏನೀಗ? ಒಂದಿಷ್ಟು ಅನುಮಾನ ಇತ್ತು. ಇಷ್ಟೇ ಇಷ್ಟು. ಅವರೆಲ್ಲ ಗಡಿಯಾರ ನೋಡ್ಕೋತಿದ್ರು ಕಣೋ! ಇನ್ನೂ ಸ್ವಲ್ಪ ಹೊತ್ತು ಕಾಯಿರಿ ಅಂದ್ರೆ ಹಲಗೆ ಮೇಲೆ ಇವನಿಗೇ ನಂಬಿಕೆ ಇಲ್ಲ ಅಂತಿದ್ರು. ಆರಿದ್ರೂ ಆರಿರ್ಬಹುದು ಅನ್ನಿಸ್ತು. ಯಾರಾದ್ರೂ ಒಬ್ರು ತೆಗೀಲೇಬೇಕಿತ್ತು. ನೀನಲ್ದೆ ಇನ್ನೇನು ನಾನು ಹೋಗ್ಬೇಕಿತ್ತಾ?

...ಅಬ್ಬಾ. ಹೇಳಿ ಹಗುರ ಆಯ್ತು ನೋಡು. ಬಾಯಿಲ್ದೋನ ಹತ್ರ ಮಾತಾಡೋದ್ರಲ್ಲಿ ಏನು ಸುಖ! ಸುಮ್ನಿದ್ದೀಯ, ಒಳ್ಳೇದು. ಮೌನಂ ಸಮ್ಮತಿ ಲಕ್ಷಣಂ. ಬಾ, ಇನ್ನೊಂದ್ಸಲ ತಾಲೀಮು. 'ತೆಗಿ ಅಂತ ನಿಮಗೆ ಯಾರಾದ್ರೂ...'

ಯಾರು? ಬಾಮ್ಮ, ಬಾ ಸಿಸ್ಟರ್. ಮಾತ್ರೆನಾ? ಕೊಡು, ಕೊಡು. ನಾನು ಇವನ ಮಾವ, ಪ್ರೊಫೆಸರು. ...ಏನು ಕೇಳ್ತೀಯಮ್ಮಾ ಅವನನ್ನ? 'ಇವತ್ಯಾಕೆ ಇಷ್ಟು ಮೌನ' ಅಂತಾನಾ? ಚೆನ್ನಾಗಿದೆ ತಮಾಷೆ! ಅವನಿಗೆ ಮಾತೆಲ್ಲಿದೆ ಪಾಪ, ಗಂಟಲು ಬೆಂದು...

ಏನಂದೆ?

ಮೊನ್ನೆಯಿಂದಾನಾ? ದನಿ ಬಂದಿದೆಯಾ... ಬೆಳಗ್ಗೆ ನಿನ್ನನ್ನ ಗೋಳು ಹೊಯ್ಕೊಂಡ್ನಾ? ಓ. ನಿನ್ನೆ ಹೆಂಡತಿ ಜೊತೆ... ಬಹಳ ಹೊತ್ತು... ಇಬ್ರೂ ಅತ್ತಿದ್ದು... ಓ. ನನಗೆ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ ನನಗೆ. ಸರಿಯಮ್ಮ, ನೀನು ಹೋಗು. ಬಾಗ್ಲು... ಅಲ್ಲಿ, ಬಾಗ್ಲಿಗೆ ತಲೆ ಆನಿಸ್ಕೊಂಡು ಕೂತಿದ್ದೋಳು ನನ್ನ ಮಗಳಾ? ಬೆಂಚು ಅಷ್ಟು ಹತ್ರ ಇದೆಯಾ? ...ಹಾಕ್ಕೊಂಡು ಹೋಗಮ್ಮ. ಹಾಕು, ಹಾಕು.

ಮಾತಾಡ್ತೀಯಾ ನೀನು?

ಇಷ್ಟು ಹೊತ್ತೂ... ಬೆರಳೆತ್ತು ಅಂದ್ರೆ ಎತ್ತಿದೆ! ಯಾಕೋ? ಯಾಕೆ... ಯಾಕೆ ಹೇಳ್ಲಿಲ್ಲ ನೀವು? ಮಾವ, ಸಾಕು ಬಾಯಿ ಮುಚ್ಚಿ ಅಂತ ಒಂದು ಮಾತು ಅನ್ಬಾರ್ದಿತ್ತಾ? ಅವಳಿಗೆ ಏನು ಹೇಳಿದ್ರಿ ನಿನ್ನೆ? ಏನೂ ಹೇಳಿರಲ್ಲ ನೀವು, ನನಗೆ ಗೊತ್ತು ನಿಮ್ಮ ಗುಣ. ನಾನೇ ನನ್ನ ಬಾಯಿಂದ ಹೇಳ್ತೀನೇನೋ ಅಂತ ಕಾದ್ರಾ? ಅದಕ್ಕೇ ಸುಮ್ನಿದ್ರಾ? ಹೇಳಿ ಅಳಿಯಂದ್ರೇ!

ಹೊರಗೆ ಏನೂ ಸದ್ದಿಲ್ಲ. ಬಾಗ್ಲು ತೆಳ್ಳಗಿದೆ ನಿಜ, ಆದ್ರೆ ಅವಳ ಅಳು ಕೇಳಿಸ್ತಿಲ್ಲ, ಕೂಗು ಕೇಳಿಸ್ತಿಲ್ಲ. ಸದ್ದಿಲ್ಲ ಅಂದ್ರೆ ಅವಳಿಗೆ ಏನೂ ಗೊತ್ತಾಗಿಲ್ಲ ಅಂತ ಅಲ್ವಾ? ...ಅಲ್ವಾ?

ನಾನು ಹೊರಡ್ತೀನಿ. ಹಣ್ಣು ತಿನ್ನಿ. ನಾನು ಹೊರ...

ನೋಡಿ, ಕೈ ಹಿಂಬದಿ ಇಟ್ಟೇ ನೋಡ್ತಿದ್ದೀನಿ. ತಣ್ಣಗಿದೆ. ಬಾಗ್ಲು ತಣ್ಣಗೇ ಇದೆ... ಇದ್ರಿಂದ ಏನೂ ತಿಳಿಯಲ್ವಲ್ಲ. ಈ ಕೋಣೆಗೆ ಇನ್ನೊಂದು ಬಾಗ್ಲೂ ಇಲ್ಲ. ಆಚೆ ಕೂತಿರೋಳು ಎಷ್ಟು ಕೇಳಿದ್ಲು, ಅವಳಿಗೆ ಏನೇನು ಗೊತ್ತು, ಎಲ್ಲ ನಿಮಗೆ ಗೊತ್ತಿದೆ. ಬೇಡ ಅಂದ್ರೆ ಇಲ್ಲೇ ಕೂತಿರ್ತೀನಿ, ಈ ಕುರ್ಚೀಲೇ. ಒಂದೇ ಒಂದು ಮಾತು ಹೇಳಿ.

ತೆಗೀಲಾ?

...ಹೇಳಿ ಅಳಿಯಂದ್ರೇ. ತೆಗೀಲಾ?