ಮೊಲದ ಕಿವಿ

ಒಂದಾನೊಂದು ಆಸ್ಪತ್ರೆಯಲ್ಲಿ, ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲೆದುರು, ನನ್ನ ಪಕ್ಕದಲ್ಲೇ ಒಬ್ಬ ಬಡಗಿ ಮತ್ತವನ ದರ್ಜಿ ಹೆಂಡತಿ ಕೂತಿದ್ದರು. ಬಡಗಿಯ ಮಗಳು ಒಳಗಿದ್ದಳು. ಹೆಂಡತಿ ಆ ಹುಡುಗಿಯ ಬಟ್ಟೆಯ ಮೊಲಕ್ಕೆ ಕಿತ್ತುಹೋದ ಕಿವಿ ಹೊಲಿಯುತ್ತಿದ್ದಳು.

“ಊರಿಗೆಲ್ಲ ಹೊಲಿಯೋಳು, ಕಿವಿ ಹಿಂದುಮುಂದಾಗಿ ಹೊಲಿದಿದ್ದೀಯಲ್ಲೇ!”

“ಕಣ್ಣೆಲ್ಲ ಬಾಗಿಲ ಮೇಲೇ ಇತ್ತು ಕಣ್ರೀ, ಬಿಚ್ಚಿ ಮತ್ತೆ ಹೊಲೀತೀನಿ. ಪುಟ್ಟಿ ಕಣ್ಣು ಬಿಡೋದ್ರೊಳಗೆ ಮುಗಿಸ್ತೀನಿ ಅಂತ ಮಾತು ಕೊಟ್ಟಿದೀನಿ.”

“ತಾಯಿ ಇಲ್ಲದ ಅವಳನ್ನ ನೋಡ್ಕೊಳ್ಳೋಕೆ ಎರಡೇ ವರ್ಷ ಅಂತ ಒಪ್ಪಂದ ಮಾಡ್ಕೊಂಡು ಮದುವೆಯಾದ್ವಿ. ಬರೋ ತಿಂಗಳು ಆ ಗಡುವು ಮುಗಿಯುತ್ತೆ.”

“ನಂಗೂ ಅಣ್ಣನ ಮನೆ ಬಿಡಬೇಕಿತ್ತು. ಈಗ್ಯಾಕೆ ಅದು?”

“ಅವಳಿಗೇನಾದ್ರೂ ಆದ್ರೆ ನೀನೂ ಹೋಗ್ಬಿಡ್ತೀಯ ಅಂತ ಭಯ.”

“ಬಿಡ್ತು ಅನ್ನಿ! ಬರೀ ಅವಳಿಗೋಸ್ಕರ ಆಗಿದ್ರೆ ನಿಮ್ಮ ಗೊರಕೆ ಯಾಕೆ ಸಹಿಸ್ಕೋತಿದ್ದೆ? ಮೊಲ ಗಟ್ಟಿಯಾಗಿ ಹಿಡ್ಕೊಳ್ಳಿ.”

ಬಾಗಿಲು ತೆರೆಯಿತು. “ಮಗು ಎದ್ದಿದೆ, ಅಮ್ಮ ಎಲ್ಲಿ ಅಂತಿದೆ,” ಎಂದಳು ದಾದಿ.

ಹೆಂಡತಿ ದಾರ ಕಚ್ಚಿ ತುಂಡರಿಸಿದಳು. ಇಬ್ಬರೂ ಒಳಗೆ ಓಡಿದರು. ಕಿವಿ ಈಗ ಸರಿಯಾಗಿತ್ತು.